ಬಾಳಸಂಗಾತಿಗೆ ಬಂದೂಕು ಕಲಿಸುವಾಗ

ಅಪರಿಚಿತರಿಗೆ ಗುರಿ ಹೊಡೆಯಲು ಕಲಿಸುವುದು ಸುಲಭ. "ಮೊಣಕೈ ಸ್ವಲ್ಪ ಕೆಳಗಿಳಿಸಿ" ಎಂದರೆ ಇಳಿಸುತ್ತಾರೆ, ಅಲ್ಲಿಗೆ ಮುಗಿಯಿತು. ಅದೇ ಮಾತನ್ನು ಗಂಡನಿಗೋ ಹೆಂಡತಿಗೋ ಹೇಳಿದರೆ ಅದು ಬರೀ ಮೊಣಕೈಯ ಮಾತಾಗಿ ಕಿವಿಗೆ ಬೀಳುವುದಿಲ್ಲ. ಹಿಂದೆ ಎಂದೋ ಕಾರು ಹಿಂದಕ್ಕೆ ತೆಗೆಯುವಾಗ ಆಡಿದ ಮಾತು, ನೆಂಟರ ಮುಂದೆ ತಿದ್ದಿದ ಮಾತು, ಎಲ್ಲವೂ ಅದರ ಬೆನ್ನಿಗೇ ಬರುತ್ತವೆ. ಕೈಯಲ್ಲಿ ಗುಂಡು ತುಂಬಿದ ಬಂದೂಕು ಇರುವ ಹೊತ್ತಿನಲ್ಲಿ ಅಂಥ ಮುನಿಸಿಗೆ ಜಾಗವಿರಬಾರದು. ನಾನು ಸ್ಪರ್ಧೆಗಳಲ್ಲಿ ರೈಫಲ್ ಹಿಡಿದು ಬೆಳೆದವಳು. ಹೊಸಬರಿಗೆ ಕಲಿಸಿದ್ದೇನೆ, ನನ್ನ ಗಂಡನಿಗೂ ನಾನೇ ಕಲಿಸಿದೆ. ಇಲ್ಲಿ ಹೇಳುವ ಕ್ರಮದ ಹೆಚ್ಚಿನ ಭಾಗ ರೂಪುಗೊಂಡದ್ದು ಅವರ ಜೊತೆಯಲ್ಲಿಯೇ. ಸುರಕ್ಷತೆಯ ವಿಷಯದಲ್ಲಿ ದಾಂಪತ್ಯದ ಸಲಿಗೆ ಎಳ್ಳಷ್ಟೂ ಬೇಡ, ಉಳಿದೆಲ್ಲ ವಿಷಯದಲ್ಲಿ ಕಲಿಸುವವರು ಬಾಯಿ ಬಿಗಿಹಿಡಿಯಬೇಕು. ನಾನು ನಂಬಿರುವುದು ಇಷ್ಟನ್ನೇ.

ಕಲಿಯುವ ಆಸೆ ಯಾರದು ಎಂಬುದನ್ನು ಮೊದಲು ಕೇಳಿಕೊಳ್ಳಿ. ನಿಮ್ಮ ಹವ್ಯಾಸಕ್ಕೆ ಜೊತೆ ಬೇಕೆಂದು ಸಂಗಾತಿಯನ್ನು ಎಳೆದುಕೊಂಡು ಹೋಗುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ. ಬಂದೂಕಿನ ಸದ್ದಿಗೆ ಅಂಜುವುದು ದೌರ್ಬಲ್ಯವಲ್ಲ, ಅದು ಆರೋಗ್ಯವಂತ ದೇಹದ ಸಹಜ ಪ್ರತಿಕ್ರಿಯೆ. "ಒಮ್ಮೆ ಹೊಡೆದು ನೋಡು, ಭಯ ಹೋಗುತ್ತದೆ" ಎಂಬ ಒತ್ತಾಯದಿಂದ ಭಯ ಹೋಗುವುದಿಲ್ಲ, ಒಳಗೆ ಇಳಿದು ಗಟ್ಟಿಯಾಗುತ್ತದೆ. ಅವರಾಗಿಯೇ ಕೇಳಿದರೆ, ಏಕೆ ಕಲಿಯಬೇಕೆನಿಸಿತು ಎಂದು ಕೇಳಿ ಉತ್ತರವನ್ನು ಪೂರ್ತಿ ಆಲಿಸಿ. ಮನೆಯಲ್ಲಿರುವ ಬಂದೂಕನ್ನು ಅಪಾಯವಿಲ್ಲದೆ ಖಾಲಿ ಮಾಡಲು ಬಂದರೆ ಸಾಕು ಎನ್ನುವವರಿಗೂ ಸ್ಪರ್ಧೆಯ ಕನಸಿರುವವರಿಗೂ ಒಂದೇ ಪಾಠ ಹೊಂದುವುದಿಲ್ಲ.

ಕಾನೂನಿನ ಬಗ್ಗೆ ಒಂದೇ ಮಾತು. ಒಬ್ಬರ ಪರವಾನಗಿಯಲ್ಲಿರುವ ಬಂದೂಕನ್ನು ಇನ್ನೊಬ್ಬರು, ಮದುವೆಯಾದವರೇ ಆಗಿದ್ದರೂ, ಮುಟ್ಟಬಹುದೇ, ಎಲ್ಲಿ, ಯಾರ ಮೇಲ್ವಿಚಾರಣೆಯಲ್ಲಿ ಎಂಬುದು ದೇಶದಿಂದ ದೇಶಕ್ಕೆ ಬೇರೆ. ಅದನ್ನು ತಿಳಿದ ಮೇಲೆಯೇ ಮುಂದಿನ ಹೆಜ್ಜೆ. ಹೊಡೆಯುವ ಜಾಗ ಅಂಗೀಕೃತ ಶೂಟಿಂಗ್ ರೇಂಜ್ ಆಗಿರಲಿ, ಬಯಲೋ ಹಿತ್ತಿಲೋ ಬೇಡ. .22 ರೈಫಲ್‌ನ (ನಳಿಗೆಯ ಒಳಗಲ ಸುಮಾರು 0.22 ಇಂಚು) ಪುಟ್ಟ ಗುಂಡು ಕೂಡ ಒಂದೂವರೆ ಕಿಲೋಮೀಟರಿಗೂ ಆಚೆ ಹೋಗಿ ಬೀಳಬಲ್ಲದು.

ಮೊದಲ ಪಾಠಕ್ಕೆ ಮೇಜು ಸಾಕು, ಗುಂಡು ಬೇಡ. ಇದ್ದಬದ್ದ ಗುಂಡುಗಳನ್ನೆಲ್ಲ ಬೇರೆ ಕೋಣೆಯಲ್ಲಿಟ್ಟು ಬೀಗ ಹಾಕಿ ಬನ್ನಿ. ಆಮೇಲೆ ನಾಲ್ಕು ನಿಯಮಗಳು. ಅಮೆರಿಕದ ಮರೀನ್ ಪಡೆಯಲ್ಲಿದ್ದ ಜೆಫ್ ಕೂಪರ್ (1920–2006) ಇವುಗಳಿಗೆ ಚಿಕ್ಕದಾದ ಚೊಕ್ಕ ರೂಪ ಕೊಟ್ಟರು. ಇಂದು ಜಗತ್ತಿನ ಬಹುಪಾಲು ಕಡೆ ಕಲಿಸುವುದು ಅದನ್ನೇ. ಪ್ರತಿ ಬಂದೂಕಿನಲ್ಲೂ ಗುಂಡಿದೆ ಎಂದೇ ತಿಳಿಯಬೇಕು. ಏನನ್ನು ನಾಶಮಾಡಲು ಸಿದ್ಧರಿಲ್ಲವೋ ಅದರತ್ತ ನಳಿಗೆಯ ಬಾಯಿ ತಿರುಗಬಾರದು. ಗುರಿಯ ಮೇಲೆ ಸೈಟ್ (ಗುರಿ ಹಿಡಿಯಲು ನಳಿಗೆಯ ಮೇಲಿರುವ ಗುರುತು) ಕೂರುವ ತನಕ ಬೆರಳು ಟ್ರಿಗರ್‌ನಿಂದ ಹೊರಗಿರಬೇಕು. ಗುರಿ ಯಾವುದು, ಅದರ ಹಿಂದೆ ಏನಿದೆ ಎಂಬುದು ಖಚಿತವಾಗಿರಬೇಕು. ಇವನ್ನು ಸಂಗಾತಿ ನಿಮ್ಮ ಮಾತಿನಲ್ಲಿ ಒಪ್ಪಿಸಿದರೆ ಸಾಲದು. ತಮ್ಮ ಮಾತಿನಲ್ಲಿ ಹೇಳಲಿ, ಪ್ರತಿಯೊಂದೂ ಏಕೆ ಎಂದು ವಿವರಿಸಲಿ. ನಾಲ್ಕರಲ್ಲಿ ಯಾವುದಾದರೊಂದು ತಪ್ಪಿದಾಗ ಉಳಿದವು ಜೀವ ಉಳಿಸುತ್ತವೆ, ಎರಡು ಒಟ್ಟಿಗೆ ತಪ್ಪಿದರೆ ಮನುಷ್ಯರು ಸಾಯುತ್ತಾರೆ. ಈ ಮಾತನ್ನು ಮೆತ್ತಗೆ ಮಾಡಿ ಹೇಳುವ ಅಗತ್ಯವಿಲ್ಲ.

ನಂತರ ಖಾಲಿ ಮಾಡುವುದನ್ನು ಕಲಿಸಿ, ಹೊಡೆಯುವುದಕ್ಕಿಂತ ಮುಂಚೆ. ಮೊದಲು ಮ್ಯಾಗಜಿನ್ (ಗುಂಡುಗಳನ್ನು ತುಂಬಿಡುವ ಡಬ್ಬಿ) ಹೊರಗೆ, ಆಮೇಲೆ ಚೇಂಬರ್ (ನಳಿಗೆಯ ಹಿಂತುದಿಯಲ್ಲಿ ಹಾರಲಿರುವ ಗುಂಡು ಕೂರುವ ಜಾಗ) ತೆರೆಯುವುದು. ಈ ಕ್ರಮ ತಿರುವುಮುರುವಾದರೆ ಚೇಂಬರ್ ಖಾಲಿ ಮಾಡಿದ ಕೈಯೇ ಮ್ಯಾಗಜಿನ್‌ನಿಂದ ಮತ್ತೊಂದು ಗುಂಡನ್ನು ಒಳಗೆ ತಳ್ಳಿರುತ್ತದೆ. ಮ್ಯಾಗಜಿನ್ ತೆಗೆದೆನಲ್ಲ, ಖಾಲಿಯಾಯಿತು ಎಂಬ ನಂಬಿಕೆ ಇನ್ನೂ ಅಪಾಯಕಾರಿ, ಏಕೆಂದರೆ ಚೇಂಬರ್‌ನಲ್ಲಿ ಒಂದು ಗುಂಡು ಉಳಿದಿರಬಹುದು. ಕಣ್ಣಿನಿಂದ ನೋಡಬೇಕು, ಬೆರಳ ತುದಿಯಿಂದ ಮುಟ್ಟಿಯೂ ನೋಡಬೇಕು. ಬಂದೂಕು ಒಬ್ಬರಿಂದ ಒಬ್ಬರಿಗೆ ಹೋಗುವಾಗ ಚೇಂಬರ್ ತೆರೆದೇ ಇರಲಿ, ಕೊಡುವವರೂ ತೆಗೆದುಕೊಳ್ಳುವವರೂ ಇಬ್ಬರೂ ಪರೀಕ್ಷಿಸಲಿ. ನನ್ನ ಗಂಡ ಒಂದು ಸಂಜೆ, "ಈಗಷ್ಟೇ ನೀನು ನೋಡಿದೆಯಲ್ಲ, ನಾನು ಮತ್ತೆ ನೋಡಬೇಕೇ?" ಎಂದು ಕೇಳಿದರು. "ನಾನು ನೋಡಿದ್ದಕ್ಕೇ ನೀವೂ ನೋಡಬೇಕು" ಎಂದೆ. ಪ್ರೀತಿಸುವವರ ಮಾತನ್ನು ಪರೀಕ್ಷಿಸದೆ ನಂಬುವುದು ಮನೆಯಲ್ಲಿ ಒಳ್ಳೆಯ ಗುಣ. ಬಂದೂಕಿನ ಮುಂದೆ ಆ ಗುಣವನ್ನು ಇಬ್ಬರೂ ಬದಿಗಿಡಬೇಕು.

ಅದೇ ಮೇಜಿನ ಬಳಿ ಯಾವ ಕಣ್ಣು ಪ್ರಬಲ ಎಂದು ಪತ್ತೆಮಾಡಿ. ಎರಡೂ ಕೈ ಮುಂದೆ ಚಾಚಿ, ಅಂಗೈಗಳ ನಡುವೆ ಚಿಕ್ಕದೊಂದು ಕಿಂಡಿ ಮಾಡಿ, ಎರಡೂ ಕಣ್ಣು ತೆರೆದು ದೂರದ ಒಂದು ಸ್ವಿಚ್ಚನ್ನೋ ಗಡಿಯಾರವನ್ನೋ ಆ ಕಿಂಡಿಯಲ್ಲಿ ನೋಡಲಿ. ಒಂದೊಂದೇ ಕಣ್ಣು ಮುಚ್ಚಿದಾಗ ಯಾವ ಕಣ್ಣಿಗೆ ಆ ವಸ್ತು ಕಿಂಡಿಯಲ್ಲೇ ಉಳಿಯುತ್ತದೆಯೋ ಅದೇ ಪ್ರಬಲ ಕಣ್ಣು. ಬಲಗೈ ಬಳಸುವವರಲ್ಲಿ ಎಡಗಣ್ಣು ಪ್ರಬಲವಾಗಿರುವವರು ಅಪರೂಪವೇನಲ್ಲ. ಇದು ಗೊತ್ತಿಲ್ಲದೆ ತಿಂಗಳುಗಟ್ಟಲೆ ಗುರಿ ತಪ್ಪಿ, ತಮಗೆ ಇದು ಬರುವುದೇ ಇಲ್ಲವೆಂದು ಬಿಟ್ಟವರನ್ನು ನೋಡಿ ನನಗೆ ಸಂಕಟವಾಗಿದೆ.

ಯಾವ ಬಂದೂಕಿನಿಂದ ಆರಂಭಿಸಬೇಕು? .22 ರೈಫಲ್, ಅದೂ ಒಂದೊಂದೇ ಗುಂಡಿನ ಬೋಲ್ಟ್ ಆ್ಯಕ್ಷನ್ (ಪ್ರತಿ ಸಲ ಕೈಯಿಂದ ಬೋಲ್ಟ್ ಎಳೆದು ಗುಂಡು ತುಂಬುವಂಥದ್ದು) ಆದರೆ ಇನ್ನೂ ಒಳ್ಳೆಯದು. ಅದರ ಗುಂಡಿನ ತೂಕ ಸುಮಾರು ಎರಡೂವರೆ ಗ್ರಾಂ, ಗುಂಡು ಹಾರುವಾಗ ಬಂದೂಕು ಹಿಂದಕ್ಕೆ ಕೊಡುವ ಒದೆತ ಭುಜಕ್ಕೆ ಗೊತ್ತಾಗುವುದೇ ಕಷ್ಟ. ಉದ್ದನೆಯ ನಳಿಗೆ ಇರುವುದರಿಂದ ಅದು ಯಾವ ಕಡೆ ತಿರುಗಿದೆ ಎಂದು ದೂರದಿಂದಲೇ ಕಾಣುತ್ತದೆ, ಮೇಜಿನ ಮೇಲೆ ಊರಿ ಹೊಡೆಯಬಹುದು. ಪಿಸ್ತೂಲು ಹಾಗಲ್ಲ. ಮಣಿಕಟ್ಟು ಸ್ವಲ್ಪ ಹೊರಳಿದರೂ ಅದರ ಬಾಯಿ ಪಕ್ಕದವರತ್ತ ತಿರುಗಿರುತ್ತದೆ. ಬಂದೂಕು ಪಡೆಯುವುದೇ ಕಷ್ಟವಿರುವ ಕಡೆ 4.5 ಮಿಲಿಮೀಟರ್ ಏರ್ ರೈಫಲ್ ಹತ್ತು ಮೀಟರ್ ದೂರದಲ್ಲಿ ಎಲ್ಲವನ್ನೂ ಕಲಿಸುತ್ತದೆ. ಒಲಿಂಪಿಕ್ಸ್‌ನಲ್ಲಿ ಆ ಸ್ಪರ್ಧೆಯ ಗುರಿಯ ನಟ್ಟನಡುವಿನ ಬಿಂದು ಕೇವಲ ಅರ್ಧ ಮಿಲಿಮೀಟರ್ ಅಗಲ, ಅದನ್ನು ಆಟಿಕೆ ಎನ್ನುವವರ ಮಾತಿಗೆ ಕಿವಿಗೊಡಬೇಡಿ. ನಾಲ್ಕು ನಿಯಮಗಳು ಅದಕ್ಕೂ ಅನ್ವಯಿಸುತ್ತವೆ.

ಹೊಸಬರ ಕೈಗೆ ಮೊದಲೇ ದೊಡ್ಡ ಬಂದೂಕು ಕೊಟ್ಟು, ಅವರು ಹಿಂದಕ್ಕೆ ತೂರಾಡುವುದನ್ನು ಮೊಬೈಲ್‌ನಲ್ಲಿ ಚಿತ್ರೀಕರಿಸಿ ನಗುವವರಿದ್ದಾರೆ. ಹೆಚ್ಚಾಗಿ ಹೀಗೆ ಮಾಡುವವರು ಗಂಡಂದಿರು, ಹಿಂದಕ್ಕೆ ಬೀಳುವವರು ಹೆಂಡತಿಯರು. ನನಗೆ ಇದನ್ನು ನೋಡಿದರೆ ಮೈ ಉರಿಯುತ್ತದೆ. ಅದು ಕ್ರೌರ್ಯ, ಜೊತೆಗೆ ಅಪಾಯ. 2014ರ ಆಗಸ್ಟ್‌ನಲ್ಲಿ ಅಮೆರಿಕದ ಅರಿಜೋನಾದ ರೇಂಜ್ ಒಂದರಲ್ಲಿ ಒಂಬತ್ತು ವರ್ಷದ ಬಾಲಕಿಯ ಕೈಗೆ ಸತತವಾಗಿ ಗುಂಡು ಹಾರಿಸುವ ಊಜಿ ಎಂಬ ಬಂದೂಕು ಕೊಟ್ಟಾಗ ಅದು ಅವಳ ಹಿಡಿತ ಮೀರಿ ಮೇಲೆದ್ದಿತು, ಪಕ್ಕದಲ್ಲಿ ನಿಂತಿದ್ದ ತರಬೇತುದಾರರೇ ಪ್ರಾಣ ಕಳೆದುಕೊಂಡರು. ವಯಸ್ಕರಿಗೂ ಇದರ ಪಾಠ ಅದೇ. ಹೊಸ ಕೈ, ಹೊಸ ಬಂದೂಕು ಎಂದಾಗಲೆಲ್ಲ ಒಂದೇ ಗುಂಡು ತುಂಬಿಸಿ. ಒದೆತಕ್ಕೆ ಬೆಚ್ಚಿದ ಬೆರಳು ತಾನಾಗಿಯೇ ಮತ್ತೊಮ್ಮೆ ಎಳೆದರೂ ಹಾರಲು ಎರಡನೆಯ ಗುಂಡು ಅಲ್ಲಿರಬಾರದು.

ಈಗ ಕಿವಿಯ ವಿಷಯ. ಹೊಸಬರನ್ನು ಓಡಿಸುವುದು ಒದೆತಕ್ಕಿಂತ ಹೆಚ್ಚಾಗಿ ಸದ್ದು. .22 ರೈಫಲ್‌ನ ಸದ್ದು ಸುಮಾರು 140 ಡೆಸಿಬೆಲ್‌ಗೆ ಮುಟ್ಟಬಹುದು, ದೊಡ್ಡ ಪಿಸ್ತೂಲುಗಳದು 160ರ ಸುಮಾರು. ಒಂದೇ ಹೊಡೆತದಿಂದ ಕಿವಿಗೆ ಶಾಶ್ವತ ಹಾನಿಯಾಗಬಹುದಾದ ಮಟ್ಟ ಇದು. ಸ್ಪಂಜಿನ ಇಯರ್‌ಪ್ಲಗ್ ಮತ್ತು ಅದರ ಮೇಲೆ ಇಯರ್‌ಮಫ್, ಎರಡನ್ನೂ ಹಾಕಿಸಿ. ಪ್ಲಗ್ಗನ್ನು ಬೆರಳುಗಳ ನಡುವೆ ಹೊಸೆದು ತೆಳ್ಳಗೆ ಮಾಡಿ, ಇನ್ನೊಂದು ಕೈಯನ್ನು ತಲೆಯ ಮೇಲಿನಿಂದ ತಂದು ಕಿವಿಯನ್ನು ಮೇಲಕ್ಕೆಳೆದು ಒಳಗೆ ತೂರಿಸಿ, ಅದು ಉಬ್ಬುವ ತನಕ ಒತ್ತಿ ಹಿಡಿಯಬೇಕು. ಹೊರಗೆ ತೂಗಾಡುವ ಪ್ಲಗ್‌ನಿಂದ ಪ್ರಯೋಜನವಿಲ್ಲ. ಕಣ್ಣಿಗೆ ಸುರಕ್ಷತಾ ಕನ್ನಡಕ, ಕಾಲಿಗೆ ಮುಚ್ಚಿದ ಬೂಟು, ಕುತ್ತಿಗೆಗೆ ಒತ್ತಿ ಕೂರುವ ಅಂಗಿ. ಅಂಗಿಯ ವಿಚಾರ ಸಣ್ಣದಲ್ಲ. ಗುಂಡು ಹಾರಿದ ಮೇಲೆ ಹೊರಚಿಮ್ಮುವ ಬಿಸಿಯಾದ ಖಾಲಿ ಕೇಸ್ (ಲೋಹದ ಕವಚ) ಕೊರಳಪಟ್ಟಿಯೊಳಗೆ ಬಿದ್ದರೆ ಮನುಷ್ಯ ಬಂದೂಕು ಹಿಡಿದೇ ಗಿರಕ್ಕನೆ ತಿರುಗುತ್ತಾನೆ. "ಸುಟ್ಟರೂ ನಳಿಗೆ ಮುಂದಕ್ಕೇ ಇರಲಿ, ಬಂದೂಕನ್ನು ಕೆಳಗಿಟ್ಟು ಆಮೇಲೆ ಕೊಡವಿಕೊಳ್ಳಿ" ಎಂದು ಮೊದಲೇ ಹೇಳಿಡಿ. ಸಂಗಾತಿ ಗರ್ಭಿಣಿಯಾಗಿದ್ದರೆ ಪಾಠವನ್ನು ಮುಂದಕ್ಕೆ ಹಾಕಿ. ತಾಯಿಯ ಕಿವಿ ಮುಚ್ಚಿದರೂ ಮಗುವಿನ ಕಿವಿ ಮುಚ್ಚಲಾಗದು, ಗುಂಡು ಹಾರಿಸುವಾಗ ಏಳುವ ಸೀಸದ ಧೂಳೂ ಮಗುವಿಗೆ ಕೆಡುಕು.

ಗುಂಡು ಹಾರಿಸುವ ಮೊದಲ ದಿನ ಜನಸಂದಣಿ ಇರದ ಹೊತ್ತು ಆರಿಸಿಕೊಳ್ಳಿ. ಪಕ್ಕದ ಸಾಲಿನಲ್ಲಿ ದೊಡ್ಡ ಬಂದೂಕು ಗುಡುಗುತ್ತಿದ್ದರೆ ನಿಮ್ಮ ಪಾಠ ಕೆಟ್ಟಿತು. ಗುರಿ ಹತ್ತಿರವಿರಲಿ, ದೊಡ್ಡದಿರಲಿ. ನಾನು ಅಂಕಗಳ ವೃತ್ತವಿಲ್ಲದ ಖಾಲಿ ಹಾಳೆಯನ್ನೇ ಹಾಕುತ್ತೇನೆ. ಹಾಳೆಯಲ್ಲಿ ತೂತುಗಳು ಎಲ್ಲಿಯಾದರೂ ಇರಲಿ, ಒಂದಕ್ಕೊಂದು ಹತ್ತಿರ ಬಂದರೆ ಕೈ ಸರಿಯಾಗಿದೆ ಎಂದು ಅರ್ಥ. ನಡುವಿಗೆ ತರುವುದು ಸೈಟ್ ತಿರುಗಿಸುವ ಕೆಲಸ, ಅದು ಆಮೇಲೆ. ನೀವು ಅವರ ಪಕ್ಕಕ್ಕೆ, ಒಂದಿಷ್ಟು ಹಿಂದೆ, ಟ್ರಿಗರ್ ಹಿಡಿದ ಕೈಯ ಕಡೆ ನಿಲ್ಲಿ. ಅಲ್ಲಿಂದ ಅವರ ಬೆರಳೂ ಕಾಣುತ್ತದೆ, ನಳಿಗೆ ತಿರುಗತೊಡಗಿದರೆ ಕೈ ಚಾಚಿ ತಡೆಯಲೂ ಆಗುತ್ತದೆ. ಆ ದಿನ ನೀವು ಒಂದು ಗುಂಡನ್ನೂ ಹಾರಿಸಬೇಡಿ. ನಿಮ್ಮ ಹಾಳೆಯನ್ನು ನೋಡಿ ಅವರು ತಮ್ಮದನ್ನು ಅಳೆಯಲು ತೊಡಗುತ್ತಾರೆ.

ತಂತ್ರವನ್ನು ಹೆಚ್ಚು ಹೇಳಬೇಡಿ. ಪಾದಗಳು ಭುಜದಷ್ಟು ಅಗಲ, ಮೈಭಾರ ತುಸು ಮುಂದಕ್ಕೆ, ರೈಫಲ್‌ನ ಹಿಂಬದಿ ಭುಜದ ಗುಳಿಗೆ ಒತ್ತಿ, ಕೆನ್ನೆ ರೈಫಲ್‌ನ ಹಿಂಬದಿಯ ಹಲಗೆಯ ಮೇಲೆ. ದೃಷ್ಟಿ ಮುಂದಿನ ಸೈಟ್‌ನ ಮೇಲೆ ನಿಚ್ಚಳವಾಗಿರಲಿ, ಗುರಿ ಮಸುಕಾದರೆ ಮಸುಕಾಗಲಿ. ಉಸಿರನ್ನು ಅರ್ಧ ಬಿಟ್ಟು ತಡೆದು, ಟ್ರಿಗರನ್ನು ಬೆರಳಿನ ಮೊದಲ ಗಿಣ್ಣಿನ ಮೆತ್ತೆಯಿಂದ ನೇರ ಹಿಂದಕ್ಕೆ, ಅವಸರವಿಲ್ಲದೆ ಒತ್ತುತ್ತಾ ಹೋಗಬೇಕು. ಗುಂಡು ಯಾವ ಕ್ಷಣದಲ್ಲಿ ಹಾರಿತೆಂದು ಹೊಡೆದವರಿಗೇ ಅಚ್ಚರಿಯಾಗಬೇಕು.

ಇನ್ನು ಮಾತು. ಪ್ರತಿ ಗುಂಡಿನ ನಂತರ ಒಂದು ಸಲಹೆ ಕೊಡುವ ಚಪಲವನ್ನು ತಡೆಯಿರಿ. ಐದಾರು ಗುಂಡು ಸುಮ್ಮನೆ ನೋಡಿ, ಒಂದೇ ವಿಷಯ ಆರಿಸಿ, ಒಂದೇ ವಾಕ್ಯದಲ್ಲಿ ಹೇಳಿ. ನಮ್ಮಿಬ್ಬರ ನಡುವೆ ಇರುವ ಒಪ್ಪಂದ ಇದು: "ನಿಲ್ಲಿಸಿ" ಎಂಬ ಪದ ಸುರಕ್ಷತೆಗೆ ಮಾತ್ರ ಮೀಸಲು. ಅದನ್ನು ಕೇಳಿದೊಡನೆ ಬೆರಳು ಹೊರಗೆ, ನಳಿಗೆ ಮುಂದಕ್ಕೆ, ಕಾರಣ ಆಮೇಲೆ. ಆ ಪದವನ್ನು ನಾನು ಗಟ್ಟಿ ದನಿಯಲ್ಲಿಯೇ ಹೇಳುತ್ತೇನೆ, ಅದಕ್ಕೆ ಕ್ಷಮೆ ಕೇಳುವುದಿಲ್ಲ, ಅವರು ಬೇಸರ ಪಡುವುದೂ ಇಲ್ಲ. ಉಳಿದದ್ದನ್ನೆಲ್ಲ ಅವರು ಕೇಳಿದರೆ ಮಾತ್ರ ಹೇಳುತ್ತೇನೆ. "ಇವತ್ತಿಗೆ ಸಾಕು" ಎನ್ನುವ ಹಕ್ಕು ಕಲಿಯುವವರದು, ಆಗ ಏಕೆ ಎಂದು ಕೇಳಬಾರದು. ಸಾಮಾನ್ಯವಾಗಿ ಒಂದು ಗಂಟೆ ಮೀರಿದರೆ ತೋಳು ನಡುಗತೊಡಗುತ್ತದೆ, ನಡುಗುವ ತೋಳು ಕೆಟ್ಟ ಅಭ್ಯಾಸ ಕಲಿಯುತ್ತದೆ.

ಸದ್ದಿಗೆ ಮೊದಲೇ ಕಣ್ಣು ಮುಚ್ಚಿ, ನಳಿಗೆಯನ್ನು ಕೆಳಕ್ಕೆ ತಳ್ಳುವ ಬೆಚ್ಚು ಎಲ್ಲರಿಗೂ ಬರುತ್ತದೆ. ಅದನ್ನು ಬಾಯಲ್ಲಿ ಹೇಳಿ ತೋರಿಸಲಾಗದು. "ನಾನು ಬೆಚ್ಚಲೇ ಇಲ್ಲ" ಎಂದು ವಾದ ಹುಟ್ಟುತ್ತದೆ. ಮ್ಯಾಗಜಿನ್‌ನಲ್ಲಿ ನಿಜವಾದ ಗುಂಡುಗಳ ನಡುವೆ ಅವರಿಗೆ ತಿಳಿಯದಂತೆ ಒಂದೆರಡು ಡಮ್ಮಿ (ಮದ್ದಿಲ್ಲದ, ಹಾರದ) ಗುಂಡು ಸೇರಿಸಿ ಕೊಡಿ. ಟ್ರಿಗರ್ ಎಳೆದಾಗ ಸದ್ದಿಲ್ಲ, ಆದರೂ ನಳಿಗೆ ತಗ್ಗುತ್ತದೆ. ಹೊಡೆದವರಿಗೇ ಕಾಣುತ್ತದೆ, ನೀವು ತುಟಿ ಬಿಚ್ಚಬೇಕಿಲ್ಲ. ಮೊದಲ ದಿನ ಇದು ಬೇಡ, ಒಂದೊಂದೇ ಗುಂಡಿನ ಹಂತ ದಾಟಿದ ಮೇಲೆ ಮಾಡಿ. ಆಮೇಲೆ ಪಾತ್ರ ಬದಲಿಸಿ, ಅವರು ತುಂಬಿಸಿ ಕೊಡಲಿ, ನೀವು ಹೊಡೆಯಿರಿ. ಬೆಚ್ಚು ನಿಮ್ಮಲ್ಲೂ ಉಳಿದಿರಬಹುದು, ಅದನ್ನು ಅವರು ನೋಡುವುದು ಇಬ್ಬರಿಗೂ ಒಳ್ಳೆಯದು.

ಡಮ್ಮಿ ಹಾಕದಿದ್ದಾಗಲೂ ಗುಂಡು ಹಾರದಿದ್ದರೆ ನಳಿಗೆಯನ್ನು ಗುರಿಯತ್ತಲೇ ಹಿಡಿದು ಕನಿಷ್ಠ 30 ಸೆಕೆಂಡು ಕಾಯಬೇಕು. ಮದ್ದು ತಡವಾಗಿ ಹತ್ತಿಕೊಳ್ಳಬಹುದು. "ಟುಸ್" ಎಂದು ಸದ್ದು ಕುಗ್ಗಿ ಬಂದರೆ ಇನ್ನೊಂದು ಗುಂಡು ಹಾರಿಸಲೇಬಾರದು. ಹಿಂದಿನದು ನಳಿಗೆಯಲ್ಲೇ ಸಿಕ್ಕಿಕೊಂಡಿರಬಹುದು, ಮುಂದಿನದು ನಳಿಗೆಯನ್ನೇ ಸಿಡಿಸಬಹುದು. ಖಾಲಿ ಮಾಡಿ, ರೇಂಜ್‌ನ ಮೇಲ್ವಿಚಾರಕರನ್ನು ಕರೆಯಿರಿ.

ಇಷ್ಟೆಲ್ಲ ಮಾಡಿದರೂ ನಿಮ್ಮಿಬ್ಬರ ನಡುವೆ ದನಿ ಏರತೊಡಗಿದರೆ ಕಲಿಸುವುದನ್ನು ಬೇರೊಬ್ಬ ತರಬೇತುದಾರರಿಗೆ ಒಪ್ಪಿಸಿ. ನನ್ನ ಗಂಡನಿಗೆ ಪಿಸ್ತೂಲನ್ನು ನಾನು ಕಲಿಸಲಿಲ್ಲ, ನನ್ನ ಹಳೆಯ ಜೊತೆಗಾರ್ತಿಯೊಬ್ಬರು ಕಲಿಸಿದರು. ಅವರು ಹೇಳಿದ್ದು ನಾನು ಹೇಳುತ್ತಿದ್ದ ಮಾತನ್ನೇ, ನನ್ನ ಗಂಡ ತಕ್ಷಣ ಒಪ್ಪಿಕೊಂಡರು. ಅದರಿಂದ ನನಗೆ ನೋವಾಗಲಿಲ್ಲ, ನಿರಾಳವಾಯಿತು.

ರೇಂಜ್‌ನಿಂದ ಹೊರಟ ಮೇಲೆ ಸೀಸದ ಧೂಳು ಹೋಗುವಂತೆ ಕೈ ಮತ್ತು ಮುಖವನ್ನು ತಣ್ಣೀರಿನಲ್ಲಿ ಸೋಪು ಹಾಕಿ ತೊಳೆಯಿರಿ, ಅದಕ್ಕೆ ಮುಂಚೆ ಏನನ್ನೂ ತಿನ್ನಬೇಡಿ. ಹೊಡೆಯುವಾಗ ತೊಟ್ಟ ಬಟ್ಟೆಯನ್ನು ಮಕ್ಕಳನ್ನು ಎತ್ತಿಕೊಳ್ಳುವ ಮೊದಲೇ ಬದಲಿಸಿ, ಬೇರೆಯಾಗಿ ಒಗೆಯಿರಿ. ಬಂದೂಕು ಒಂದು ಬೀಗದಲ್ಲಿ, ಗುಂಡು ಇನ್ನೊಂದು ಬೀಗದಲ್ಲಿ. ಇಬ್ಬರಿಗೂ ಬಳಸಲು ಕಾನೂನು ಅನುಮತಿ ಕೊಡದಿದ್ದರೆ ಕೀಲಿ ಪರವಾನಗಿ ಇರುವವರ ಬಳಿ ಮಾತ್ರ. ಮನೆಯಲ್ಲಿ ಯಾರಾದರೂ ತೀವ್ರ ಖಿನ್ನತೆಯಲ್ಲಿದ್ದರೆ, ಇಲ್ಲವೇ ಇಬ್ಬರ ಜಗಳ ಮಾತಿನ ಎಲ್ಲೆ ದಾಟುತ್ತಿದ್ದರೆ, ಆ ಕಾಲದಲ್ಲಿ ಬಂದೂಕು ಮನೆಯಲ್ಲಿ ಇರಲೇಬಾರದು. ಕಾನೂನು ಒಪ್ಪುವ ಠೇವಣಿ ಜಾಗಕ್ಕೆ ಅದನ್ನು ಒಯ್ಯಿರಿ. ಈ ಮಾತನ್ನು ನಾವಿಬ್ಬರೂ ಚೆನ್ನಾಗಿದ್ದ ದಿನವೇ ಆಡಿ ಒಪ್ಪಿಕೊಂಡಿದ್ದೇವೆ. ನಮ್ಮಿಬ್ಬರಲ್ಲಿ ಯಾರು ಕೇಳಿದರೂ ಇನ್ನೊಬ್ಬರು ಎದುರು ಮಾತಾಡದೆ ಬಂದೂಕನ್ನು ಅಲ್ಲಿಗೆ ಒಯ್ಯಲು ಒಪ್ಪಬೇಕು. ನೀವೂ ಮೇಜಿನ ಮೇಲಿನ ಆ ಮೊದಲ ಪಾಠಕ್ಕೆ ಮುಂಚೆಯೇ ಇದನ್ನು ಮಾತಾಡಿ ಮುಗಿಸಿ.