ಕುಂಭಕೋಣದಲ್ಲೇ ಗೂಟ ಹೊಡೆದು, ಟೌನ್ ಬಸ್ಸಿನಲ್ಲಿ ಚೋಳರ ಸೀಮೆ

ನಾನು, ವಾರಗಿತ್ತಿ, ಅತ್ತೆ, ಮೂವರೂ ಹೆಂಗಸರು. ಅದರಲ್ಲಿ ಅತ್ತೆಗೆ ಎಪ್ಪತ್ತು ದಾಟಿದೆ, ಮಂಡಿನೋವು ಬೇರೆ. ಯಾರಿಗೂ ತಮಿಳು ಓದಲು ಬರುವುದಿಲ್ಲ. ಕಾರಿಲ್ಲದೆ ತಂಜಾವೂರು ಸೀಮೆ ಸುತ್ತಿ ಬರುತ್ತೇವೆ ಅಂದಾಗ ನಮ್ಮ ಭಾವನವರು ನಕ್ಕು, "ಮೂರನೇ ದಿನ ಫೋನ್ ಮಾಡ್ತೀರಿ, ಟ್ಯಾಕ್ಸಿ ಕಳಿಸ್ತೀನಿ ಬಿಡಿ" ಅಂದಿದ್ದರು. ಫೋನ್ ಮಾಡಲಿಲ್ಲ. ಸುತ್ತಿ ಬಂದೆವು, ಅದೂ ಅವರ ಟೆಂಪೋ ಟ್ರಾವೆಲರ್ ಯಾತ್ರೆಗೆ ಬಿದ್ದ ದುಡ್ಡಿನ ಹೆಚ್ಚುಕಡಿಮೆ ಅರ್ಧದಲ್ಲಿ. ಹಾಗಾಗಿ ಸ್ವಲ್ಪ ಜಂಬ ಇಣುಕಿದರೆ ಸಹಿಸಿಕೊಳ್ಳಿ.

ಆ ಟೆಂಪೋ ಯಾತ್ರೆಯ ಕಥೆ ಹೇಳದಿದ್ದರೆ ಇದು ಅರ್ಥವಾಗುವುದಿಲ್ಲ. ಕೆಲವು ವರ್ಷದ ಹಿಂದೆ ಮನೆಮಂದಿಯೆಲ್ಲ ಮೈಸೂರಿನಿಂದ ಗಾಡಿ ಮಾಡಿಕೊಂಡು ಹೋಗಿದ್ದೆವು. ತಮಿಳುನಾಡು ಪರ್ಮಿಟ್, ಡ್ರೈವರ್ ಬಾಟಾ, ಟೋಲು, ಪ್ರತಿ ರಾತ್ರಿ ಹೊಸ ಊರು, ಹೊಸ ಲಾಡ್ಜು. ತಲೆಗೆ 9,000 ಚಿಲ್ಲರೆ ಬಿತ್ತು. ಒಂಬತ್ತು ನವಗ್ರಹ ಕ್ಷೇತ್ರಗಳನ್ನೂ ಒಂದೂವರೆ ದಿನದಲ್ಲಿ ಮುಗಿಸುವ ಹಠ ಭಾವನವರದು. ಆದದ್ದೇನು? ಚಂದ್ರನ ತಿಂಗಳೂರಿಗೆ ಹೋದರೆ ಬಾಗಿಲು ಹಾಕಿತ್ತು. ಆಲಂಗುಡಿ ಗುರುವಿನ ಹತ್ತಿರ ಹೋಗುವಷ್ಟರಲ್ಲಿ ಅಲ್ಲೂ ಹಾಕಿತ್ತು. ಆ ಕಡೆ ಹನ್ನೆರಡು, ಹನ್ನೆರಡೂವರೆಗೆ ಮುಚ್ಚಿದರೆ ಮತ್ತೆ ನಾಲ್ಕಕ್ಕೇ ತೆಗೆಯುವುದು, ಇದು ನಿಮಗೆಲ್ಲ ಗೊತ್ತಿದ್ದದ್ದೇ. ಗಾಡಿಯಲ್ಲಿದ್ದವರಿಗೂ ಗೊತ್ತಿತ್ತು. ಆದರೆ ಬಾಡಿಗೆ ಗಾಡಿ ನಿಂತಿದ್ದರೂ ಮೀಟರು ಓಡುತ್ತದಲ್ಲ, ಸುಮ್ಮನೆ ಕೂರಲು ಯಾರಿಗೂ ಮನಸ್ಸು ಬರಲಿಲ್ಲ. ಮುಚ್ಚಿದ ಬಾಗಿಲಿಂದ ಮುಚ್ಚಿದ ಬಾಗಿಲಿಗೆ ಓಡಿದೆವು.

ಅದಾದ ಮೇಲೆ ನಾನು, ವಾರಗಿತ್ತಿ ಇಬ್ಬರೇ ಒಮ್ಮೆ ಬರೀ ರೈಲು ನಂಬಿಕೊಂಡು ಹೋಗಿದ್ದೆವು. ತಂಜಾವೂರು, ಕುಂಭಕೋಣ, ಮಯಿಲಾಡುತುರೈ, ಚಿದಂಬರಕ್ಕೆ ಅದು ಚೆನ್ನಾಗಿಯೇ ನಡೆಯುತ್ತದೆ. ಒಳಗಿನ ಹಳ್ಳಿಗಳಿಗೆ ನಡೆಯುವುದಿಲ್ಲ, ಸ್ಟೇಷನ್ನಿನಿಂದ ಆಟೋಗೆ ಕೊಟ್ಟ ದುಡ್ಡು ರೈಲಿನ ನಾಲ್ಕು ಪಟ್ಟಾಯಿತು.

ಈ ಸಲ ಮಾಡಿದ್ದು ಇಷ್ಟೇ. ಮೈಸೂರಿನಿಂದ ಹೊರಡುವ ಹಳೆಯ ಮಯಿಲಾಡುತುರೈ ರೈಲು, ಈಗ ಕಡಲೂರಿನವರೆಗೂ ಹೋಗುತ್ತದೆ, ಅದರಲ್ಲಿ ಸ್ಲೀಪರ್. ತಲೆಗೆ 400ರ ಆಸುಪಾಸು. ಬೆಳಗಿನ ಜಾವ ಕುಂಭಕೋಣದಲ್ಲಿ ಇಳಿದು ಒಂದೇ ರೂಮು, ವಾಪಸು ರೈಲು ಹತ್ತುವವರೆಗೂ ಅದೇ. ಮೂವರಿಗೆ ದಿನಕ್ಕೆ ಸಾವಿರದ ಒಳಗೆ ಸಿಕ್ಕಿತು, ಬಿಸಿನೀರು, ಕೆಳಗಿನ ಮಹಡಿ. ಎಲ್ಲಿ ಅಂತ ಕೇಳಬೇಡಿ, ಇರುವುದೇ ನಾಲ್ಕಾರು ಕೋಣೆ. ಮಾಧ್ವ ಯತಿ ವಿಜಯೀಂದ್ರತೀರ್ಥರ ಬೃಂದಾವನಕ್ಕೆ ಅತ್ತೆ ದಿನಾ ಬೆಳಗ್ಗೆ ನಡೆದೇ ಹೋಗುತ್ತಿದ್ದರು, ಅಷ್ಟು ಹೇಳಬಲ್ಲೆ.

ಬೆಳಗ್ಗೆ ಆರೂವರೆಗೆ ಹೊರಟು ಒಂದು ದಿಕ್ಕಿನ ಎರಡು ದೇವಸ್ಥಾನ. ಹನ್ನೊಂದೂವರೆಗೆ ರೂಮಿಗೆ ವಾಪಸು, ಊಟ, ನಿದ್ದೆ. ಮೂರೂವರೆಗೆ ಎದ್ದು ಕಾಫಿ ಕುಡಿದು ಬಾಗಿಲು ತೆಗೆಯುವ ಹೊತ್ತಿಗೆ ಇನ್ನೊಂದು. ದಿನಕ್ಕೆ ಮೂರು, ನಾಲ್ಕನೆಯದಕ್ಕೆ ಕೈ ಹಾಕಲಿಲ್ಲ. ಭಾವನವರಿಗೆ ಇದು ಸೋಮಾರಿತನ ಅನ್ನಿಸಿತ್ತು. ಆದರೆ ಸಂಜೆ ನಾಲ್ಕಕ್ಕೆ ಗರ್ಭಗುಡಿಯ ಮುಂದೆ ನಿಂತಿರುವವರು ನಾವು ನಾಲ್ಕು ಜನ ಮಾತ್ರ, ನಾಲ್ಕನೆಯವರು ಎಣ್ಣೆದೀಪ ಹಚ್ಚುವ ಅಜ್ಜಿ. ಟೂರ್ ಬಸ್ಸುಗಳು ಬರುವುದು ಐದೂವರೆಯ ಮೇಲೆ.

ಇನ್ನು ಬಸ್ಸು. 2021ರಿಂದ ತಮಿಳುನಾಡಿನ ಸಾಮಾನ್ಯ ಟೌನ್ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ನಮ್ಮ ಶಕ್ತಿ ಬಸ್ಸಿನ ಹಾಗೆ ಗುರುತಿನ ಚೀಟಿ ಹಿಡಿದುಕೊಂಡು ಕೂರಬೇಕು ಅಂದುಕೊಂಡಿದ್ದೆ, ಒಬ್ಬ ಕಂಡಕ್ಟರೂ ಏನೂ ಕೇಳಲಿಲ್ಲ. ಮುಂದೆ ಹಿಂದೆ ಗುಲಾಬಿ ಬಣ್ಣ ಬಳಿದ ಬಸ್ಸು ಕಂಡರೆ ಹತ್ತುವುದು. ದಾರಾಸುರಂ, ಸ್ವಾಮಿಮಲೈ, ತಿರುನಾಗೇಶ್ವರಂ, ಪಟ್ಟೀಶ್ವರಂ, ತಿರುಭುವನಂ, ನಾಚ್ಚಿಯಾರ್ ಕೋಯಿಲ್ ಎಲ್ಲ ಇದರಲ್ಲೇ ಆಯಿತು. ಬೋರ್ಡು ತಮಿಳಿನಲ್ಲೇ ಇರುತ್ತದೆ. ನಾನು ಎಂಟು ಊರುಗಳ ಹೆಸರನ್ನು ದೊಡ್ಡದಾಗಿ ಬರೆಸಿ ಮೊಬೈಲಿನಲ್ಲಿ ಇಟ್ಟುಕೊಂಡಿದ್ದೆ, ಬೋರ್ಡಿಗೂ ಅದಕ್ಕೂ ತಾಳೆ ನೋಡುವುದು ಅಷ್ಟೇ. ಅನುಮಾನ ಬಂದರೆ "ಪೋಗುಮಾ?" ಅಂತ ಕಂಡಕ್ಟರನ್ನೇ ಕೇಳಬೇಕು, ಸ್ಟ್ಯಾಂಡಿನಲ್ಲಿ ನಿಂತವರನ್ನಲ್ಲ. ನಿಂತವರು ಪಾಪ, ಸಹಾಯ ಮಾಡಲೇಬೇಕೆಂದು ಯಾವುದಾದರೂ ಬಸ್ಸಿಗೆ ಹತ್ತಿಸಿಬಿಡುತ್ತಾರೆ. ದೂರದ ಬಸ್ಸಿಗೆ ದುಡ್ಡು ಕೊಡಬೇಕು. ಜಯಂಕೊಂಡಂ ಬಸ್ಸಿನಲ್ಲಿ ಗಂಗೈಕೊಂಡ ಚೋಳಪುರಕ್ಕೆ ಮೂವರಿಗೆ ನೂರರ ಸುತ್ತಮುತ್ತ ಆಯಿತು.

ದಾರಾಸುರಕ್ಕೆ ಎರಡು ಸಲ ಹೋದೆವು, ಕುಂಭಕೋಣದಿಂದ ನಾಲ್ಕೇ ಕಿಲೋಮೀಟರು. ತಂಜಾವೂರಿನ ದೊಡ್ಡ ಗುಡಿ ರಾಜರಾಜನದು, 1010ರಲ್ಲಿ ಮುಗಿದದ್ದು, ವಿಮಾನ, ಅಂದರೆ ಗರ್ಭಗುಡಿಯ ಮೇಲಿನ ಗೋಪುರ, ಇನ್ನೂರು ಅಡಿಗೂ ಮೀರಿ ಎತ್ತರ. ಅದನ್ನು ನೋಡಿ ಬೆರಗಾಗದವರಿಲ್ಲ, ನಾನೂ ಆದೆ. ಆದರೆ ಕೂತು ನೋಡುವುದಕ್ಕೆ ಎರಡನೇ ರಾಜರಾಜ ಕಟ್ಟಿಸಿದ ದಾರಾಸುರವೇ ಸರಿ. ಅಲ್ಲಿ ಒಂದು ತಲೆ ಇದೆ: ಎಡಗಡೆಯ ಮೈ ಮುಚ್ಚಿ ನೋಡಿದರೆ ಎತ್ತು, ಬಲಗಡೆ ಮುಚ್ಚಿದರೆ ಆನೆ, ಅಥವಾ ಅದರ ತಿರುಗುಮುರುಗು. ಅತ್ತೆ ಅಂಗೈ ಅಡ್ಡ ಇಟ್ಟು ಎಷ್ಟೋ ಹೊತ್ತು ಅದನ್ನೇ ಆಡಿಸುತ್ತಿದ್ದರು. ವಿಮಾನದ ಬುಡದಲ್ಲಿ ತಮಿಳು ಶಿವಭಕ್ತರಾದ ನಾಯನ್ಮಾರರ ಕಥೆಗಳು ಗೇಣುದ್ದದ ಪಟ್ಟಿಗಳಲ್ಲಿವೆ, ಬಗ್ಗಿ ನೋಡಬೇಕು, ಸಂಜೆಯ ಓರೆ ಬಿಸಿಲಿನಲ್ಲೇ ಅವು ಎದ್ದು ಕಾಣುವುದು. ಸ್ವರ ಹೊಮ್ಮಿಸುವ ಮೆಟ್ಟಿಲುಗಳಿಗೆ ಈಗ ಕಬ್ಬಿಣದ ಜಾಲರಿ ಹಾಕಿದ್ದಾರೆ, ಬಡಿದು ನೋಡುವ ಆಸೆ ಬಿಡಿ.

ಗುಡಿಯ ಕಾದ ಕಲ್ಲಿನ ಮೇಲೆ ಬರಿಗಾಲು ಸುಡದಿರಲಿ ಅಂತ ಒಂದು ಪ್ರಯೋಗ ಮಾಡಿದೆವು. ದಪ್ಪ ಕಾಲುಚೀಲ, ಅದರ ಮೇಲೆ ಇನ್ನೊಂದು ತೆಳುವಾದದ್ದು. ಹತ್ತೂವರೆವರೆಗೆ ಪರವಾಗಿಲ್ಲ, ಆಮೇಲೆ ಅದೂ ಸೋತಿತು. ಒದ್ದೆ ಕಾಲುಚೀಲವನ್ನೂ ನೋಡಿದೆ, ಕಲ್ಲಿನ ಮೇಲೆ ಜಾರುತ್ತದೆ, ವಯಸ್ಸಾದವರಿಗೆ ಬೇಡವೇ ಬೇಡ.

ಸ್ವಾಮಿಮಲೈಯಲ್ಲಿ ಅರವತ್ತು ಸಂವತ್ಸರಗಳ ಹೆಸರಿನ ಅರವತ್ತು ಮೆಟ್ಟಿಲು ಅತ್ತೆ ಹತ್ತಿದರು, ತಮ್ಮ ಸಂವತ್ಸರದ ಮೆಟ್ಟಿಲಿನ ಮೇಲೆ ಕೂತು ನೀರು ಕುಡಿದರು. ಇಳಿದ ಮೇಲೆ ಪಂಚಲೋಹದ ವಿಗ್ರಹ ಎರಕ ಹೊಯ್ಯುವ ಒಂದು ಮನೆಗೆ ಹೋದೆವು. ರಸ್ತೆಯ ಷೋರೂಮುಗಳಲ್ಲಿ ಕೆಲಸ ತೋರಿಸುವುದು ಕಡಿಮೆ, ಕೊಳ್ಳಿ ಅನ್ನುವುದೇ ಹೆಚ್ಚು. ನಾವು ಹೋದ ಮನೆ ಬೇರೆ, ಅದರ ಗುಟ್ಟು ನನ್ನಲ್ಲೇ ಇರಲಿ. ವಿಗ್ರಹ ಮಾಡುವ ಸ್ಥಪತಿ ಅಳತೆಪಟ್ಟಿ ಮುಟ್ಟಲಿಲ್ಲ. ತೆಂಗಿನ ಗರಿಯ ಒಂದು ಸೀಳನ್ನು ವಿಗ್ರಹದ ಎತ್ತರಕ್ಕೆ ಕತ್ತರಿಸಿ, ಮಡಿಚಿ ಮಡಿಚಿ ಗೆರೆ ಮಾಡಿಕೊಂಡು, ಮುಖಕ್ಕಿಷ್ಟು, ಎದೆಗಿಷ್ಟು ಎಂದು ಮೇಣದ ಮೇಲೆ ಇಟ್ಟು ನೋಡುತ್ತಿದ್ದರು. ಮೇಣದ ಬೊಂಬೆಗೆ ಕಾವೇರಿಯ ನುಣುಪು ಮಣ್ಣು ಮೆತ್ತುತ್ತಾರೆ. ನಮ್ಮ ಕೊಡಗಿನಲ್ಲಿ ಹುಟ್ಟಿದ ಹೊಳೆ ಅಂದೆ. ಅವರು ನಕ್ಕು, "ನೀರು ಬಿಡಿ ಮೊದಲು" ಅಂದರು. ವಾದ ಬೆಳೆಸಲಿಲ್ಲ.

ತಿರುನಾಗೇಶ್ವರಕ್ಕೆ ಭಾನುವಾರ ಸಂಜೆ ನಾಲ್ಕೂವರೆಯ ರಾಹುಕಾಲಕ್ಕೆ ಹೋಗಬೇಡಿ. ರಾಹುವಿಗೆ ಅಭಿಷೇಕ ಮಾಡಿದ ಹಾಲು ನೀಲಿಯಾಗುತ್ತದಂತೆ, ಅದನ್ನು ನೋಡಲು ಜನಜಂಗುಳಿ. ನಾವು ಪಕ್ಕದ ಉಪ್ಪಿಲಿಯಪ್ಪನ್ ಗುಡಿಗೆ ನಡೆದುಕೊಂಡು ಹೋಗಿ ಉಪ್ಪಿಲ್ಲದ ಪ್ರಸಾದ ತಿಂದೆವು. ಉಪ್ಪಿಲ್ಲ ಅಂತ ಗೊತ್ತೇ ಆಗಲಿಲ್ಲ ಎಂದು ಅತ್ತೆಯ ತೀರ್ಪು, ಗೊತ್ತಾಯಿತು ಎಂದು ವಾರಗಿತ್ತಿಯದು.

ತಿರುವೈಯಾರಿಗೆ ಹೋಗಲೇಬೇಕೆಂದು ನಾನೇ ಹಠ ಹಿಡಿದದ್ದು. ತ್ಯಾಗರಾಜರ ಸಮಾಧಿಯ ಮೇಲೆ ಗುಡಿ ಕಟ್ಟಿಸಿದವರು ನಮ್ಮ ಗಾಯಕಿ ಬೆಂಗಳೂರು ನಾಗರತ್ನಮ್ಮ, 1920ರ ದಶಕದಲ್ಲಿ, ಸ್ವಂತ ದುಡ್ಡಿನಲ್ಲಿ. ಆರಾಧನೆಯಲ್ಲಿ ಹೆಂಗಸರು ಹಾಡಲು ಗಂಡಸರು ಬಿಡದಿದ್ದ ಕಾಲ ಅದು. ಅವರ ಸಮಾಧಿಯೂ ಅಲ್ಲೇ, ತ್ಯಾಗರಾಜರ ಕಡೆ ಮುಖ ಮಾಡಿದೆ. ಜನವರಿಯ ಆರಾಧನೆ ಬಿಟ್ಟು ಬೇರೆ ದಿನ ಹೋದರೆ ನೀವು, ಹೊಳೆ, ಒಂದೆರಡು ನಾಯಿ ಅಷ್ಟೇ.

ಕೊನೆಗೆ ಲೆಕ್ಕ. ರೈಲಿಗೆ ಎರಡೂವರೆ ಸಾವಿರ, ರೂಮಿಗೆ ಐದಾರು ಸಾವಿರ, ಊಟ ಕಾಫಿಗೆ ಮೂರೂವರೆ ಇರಬಹುದು, ಬಸ್ಸು ಆಟೋ ಸೇರಿ ಒಂದೂವರೆ. ತಲೆಗೆ 5,000ದ ಒಳಗೆ. ಅತ್ತೆ ನಾಚ್ಚಿಯಾರ್ ಕೋಯಿಲಿನಲ್ಲಿ ತೂಕಕ್ಕೆ ಹಾಕಿಸಿ ಕೊಂಡ ಹಿತ್ತಾಳೆ ದೀಪದ ಕಂಬ ಇದರಲ್ಲಿ ಸೇರಿಲ್ಲ, ಅದರ ಬೆಲೆ ಅವರು ಇವತ್ತಿಗೂ ಬಾಯಿ ಬಿಟ್ಟಿಲ್ಲ.

ಶನಿಯ ತಿರುನಳ್ಳಾರ್ ಮಾತ್ರ ಈ ಲೆಕ್ಕಕ್ಕೆ ಒಗ್ಗಲಿಲ್ಲ. ಅದು ಕಾರೈಕಾಲ್ ಕಡೆ, ಮಧ್ಯಾಹ್ನಕ್ಕೆ ರೂಮಿಗೆ ವಾಪಸು ಬರಲಾಗುವುದಿಲ್ಲ. ನವಗ್ರಹಗಳೆಲ್ಲ ಒಟ್ಟಿಗೆ ಆಗಲೇಬೇಕು ಅನ್ನುವವರು ಕುಂಭಕೋಣದಿಂದ ವಾರಾಂತ್ಯಕ್ಕೆ ಬಿಡುವ ಸರ್ಕಾರಿ ನವಗ್ರಹ ಬಸ್ಸನ್ನು ವಿಚಾರಿಸಿಕೊಳ್ಳಿ. ಮತ್ತೆ, ಹನ್ನೆರಡು ವರ್ಷಕ್ಕೊಮ್ಮೆ ಕುಂಭಕೋಣದಲ್ಲಿ ನಡೆಯುವ ಪುಣ್ಯಸ್ನಾನದ ಜಾತ್ರೆ ಮಹಾಮಹ 2028ಕ್ಕಿದೆ. ಆಗ ಈ ಉಪಾಯ ಹಿಡಿದು ಹೊರಡಬೇಡಿ, ಕುಂಭಕೋಣದಲ್ಲಿ ರೂಮೇ ಸಿಗುವುದಿಲ್ಲ.