ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಇದೆಯಾ? ಹೀಗೆ ಟೆಸ್ಟ್ ಮಾಡಿಸಿ

ಬಾಗೇಪಲ್ಲಿ, ಗುಡಿಬಂಡೆ ಕಡೆ ಬೋರ್‌ವೆಲ್ ನೀರು ಕುಡಿಯುವವರು ಒಮ್ಮೆ ಟೆಸ್ಟ್ ಮಾಡಿಸಲೇಬೇಕು. ನಮ್ಮ ಗ್ರಾನೈಟ್ ಬಂಡೆಯಲ್ಲೇ ಫ್ಲೋರೈಡ್ ಇದೆ, ಅದು ನಿಧಾನಕ್ಕೆ ನೀರಿಗೆ ಬಿಟ್ಟುಕೊಳ್ಳುತ್ತದೆ, ಬಣ್ಣ ವಾಸನೆ ನೋಡಿ ಗೊತ್ತಾಗಲ್ಲ.

ಮೋಟಾರ್ ಆನ್ ಮಾಡಿ ಹತ್ತು ನಿಮಿಷ ನೀರು ಸುಮ್ನೆ ಹರಿಯಲಿ, ಪೈಪಿನಲ್ಲಿ ನಿಂತಿದ್ದ ಹಳೇ ನೀರು ಹೋಗಬೇಕಲ್ವಾ. ಆಮೇಲೆ ಒಂದು ಲೀಟರಿನ ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಲ್ಲಿ ಎರಡು ಮೂರು ಸಲ ತೊಳೆದು, ತುಂಬಿಸಿ, ಊರು, ತಾರೀಖು ಬರೆದು ಲ್ಯಾಬಿಗೆ ಕೊಡಿ. ಗಾಜಿನ ಬಾಟಲಿ ಬೇಡ, ಲೆಕ್ಕ ತಪ್ಪಬಹುದು.

ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಿದ್ದರೆ ಕುಡಿಯಲು, ಅಡುಗೆಗೆ ಬಳಸಬೇಡಿ. ಕುದಿಸಿದರೆ ಹೋಗಲ್ಲ, ನೀರು ಆವಿಯಾದಷ್ಟೂ ಜಾಸ್ತಿಯೇ ಆಗುತ್ತದೆ! ಆರ್‌ಒ ನೀರು, ಇಲ್ಲ ಶುದ್ಧವಾಗಿ ಹಿಡಿದಿಟ್ಟ ಮಳೆನೀರು ವಾಸಿ. ಮಕ್ಕಳಿಗಂತೂ ಇವತ್ತಿಂದಲೇ ಬದಲಿಸಿ, ಫ್ಲೋರೈಡ್‌ನಿಂದ ಹಲ್ಲಿಗೆ ಬರುವ ಕಂದು ಕಲೆ ಎಷ್ಟು ಉಜ್ಜಿದರೂ ಹೋಗಲ್ಲ. ಬಟ್ಟೆ ಒಗೆಯಲು ಬೋರ್ ನೀರೇ ಸಾಕು.