ಬಾರದವರನ್ನೂ ಲೆಕ್ಕಕ್ಕೆ ಹಿಡಿದಾಗ: ಕಣ್ಣಿನ ಸಮೀಕ್ಷೆಯಲ್ಲಿ ನನ್ನ ಅನುಭವ

ಕಣ್ಣಾಸ್ಪತ್ರೆಯ ರಿಜಿಸ್ಟರ್ ನೋಡಿ ಒಂದು ಪ್ರದೇಶದಲ್ಲಿ ಎಷ್ಟು ಜನರಿಗೆ ಗ್ಲಾಕೋಮಾ ಇದೆ ಎಂದು ಹೇಳಲಾಗದು. ದೃಷ್ಟಿನರ ಹಾಳಾಗುವ ಈ ರೋಗದಲ್ಲಿ ಸಾಮಾನ್ಯವಾಗಿ ಮೊದಲು ಹೋಗುವುದು ಅಂಚಿನ ನೋಟ. ಹೆಚ್ಚಿನವರಿಗೆ ನೋವಿರುವುದಿಲ್ಲ, ಎದುರಿಗಿರುವ ಅಕ್ಷರ ಚೆನ್ನಾಗಿಯೇ ಕಾಣುತ್ತದೆ, ಡಾಕ್ಟರ ಹತ್ತಿರ ಹೋಗಬೇಕೆಂದು ಅನ್ನಿಸುವುದೇ ಇಲ್ಲ. ಶ್ರೀಮಂತ ದೇಶಗಳ ಸಮೀಕ್ಷೆಗಳಲ್ಲೂ ಪತ್ತೆಯಾದವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ತಮಗೆ ಗ್ಲಾಕೋಮಾ ಇದೆಯೆಂಬುದೇ ತಿಳಿದಿರಲಿಲ್ಲ. ವಿಶ್ವವಿದ್ಯಾಲಯದ ನೇತ್ರ ವಿಭಾಗದಲ್ಲಿ ಕುಳಿತು ಬಂದವರನ್ನಷ್ಟೇ ಎಣಿಸದೆ, ಮನೆಮನೆಗೆ ಹೋಗುವ ಸಮೀಕ್ಷೆಯ ಕೆಲಸಕ್ಕೆ ನಾನು ಇಳಿದದ್ದು ಇದಕ್ಕಾಗಿಯೇ.

ಎಷ್ಟು ಜನರನ್ನು ನೋಡಬೇಕು ಎಂಬುದರಿಂದ ಶುರು ಮಾಡಿದೆವು. ರೋಗ ನೂರಕ್ಕೆ ಮೂವರಲ್ಲಿ ಇರಬಹುದೆಂದು ಊಹಿಸಿ, ಆ ಅಂದಾಜು ಐದನೇ ಒಂದು ಪಾಲಿಗಿಂತ ಹೆಚ್ಚು ಆಚೀಚೆ ಆಗಬಾರದೆಂದರೆ, ಶೇ. 95ರ ವಿಶ್ವಾಸಾರ್ಹತೆಗೆ ಸುಮಾರು 3,100 ಜನ ಬೇಕು. ಆದರೆ ಬಿಡಿ ಜನರನ್ನಲ್ಲದೆ ಮನೆಗಳ ಗುಂಪುಗಳನ್ನೇ ಆರಿಸುವ ಕ್ಲಸ್ಟರ್ ಸ್ಯಾಂಪಲ್‌ನಲ್ಲಿ ಅಕ್ಕಪಕ್ಕದ ಮನೆಯವರು ಹಲವು ವಿಷಯಗಳಲ್ಲಿ ಒಂದೇ ತರಹ ಇರುತ್ತಾರೆ. ಅದನ್ನು ಸರಿದೂಗಿಸಲು ಸಂಖ್ಯೆಯನ್ನು ಹಿಗ್ಗಿಸುವ ಗುಣಕವನ್ನು, ಅಂದರೆ ಡಿಸೈನ್ ಎಫೆಕ್ಟನ್ನು, 1.5 ಎಂದು ಹಿಡಿದರೆ ಸಂಖ್ಯೆ 4,660ರ ಹತ್ತಿರ ಹೋಗುತ್ತದೆ. ನೂರರಲ್ಲಿ 90 ಜನ ಬಂದಾರು ಎಂದುಕೊಂಡರೆ ಪಟ್ಟಿಯಲ್ಲಿ ಸುಮಾರು 5,200 ಹೆಸರು ಇರಲೇಬೇಕು.

ಕಷ್ಟ ಇರುವುದು ಆ ಬಾರದವರಲ್ಲಿ. 5,000 ಜನರ ಪಟ್ಟಿಯಲ್ಲಿ 4,000 ಜನ ಬಂದು, ಅವರಲ್ಲಿ 200 ಜನರಿಗೆ ರೋಗ ಕಂಡಿತು ಎನ್ನಿ. ಶೇ. 5 ಎಂದು ಬರೆದು ಕೈತೊಳೆದುಕೊಳ್ಳಬಹುದು. ಉಳಿದ ಸಾವಿರ ಜನರಲ್ಲಿ ರೋಗ ಶೇ. 2ರಷ್ಟೇ ಇದ್ದರೆ ನಿಜವಾದ ಸಂಖ್ಯೆ 4.4, ಶೇ. 12 ಇದ್ದರೆ 6.4. ಅವರು ಯಾಕೆ ಬರಲಿಲ್ಲ ಎಂಬುದರ ಮೇಲೆಯೇ ಎಲ್ಲ ನಿಂತಿದೆ. ದುಡಿಯುವ ವಯಸ್ಸಿನ ಗಂಡಸರು ಕೆಲಸ ಬಿಟ್ಟು ಬರಲಾರರು. ಇನ್ನು ಕೆಲವರು ಕಣ್ಣು ಕಾಣದೆಯೇ, ಕರೆತರುವವರಿಲ್ಲದೆಯೇ ಮನೆಯಲ್ಲಿ ಉಳಿದವರು. ರೋಗ ಕಡಿಮೆಯಿರುವ ಮೊದಲನೆಯವರು ತಪ್ಪಿದರೆ ಸಂಖ್ಯೆ ಹಿಗ್ಗುತ್ತದೆ, ರೋಗ ಹೆಚ್ಚಿರುವ ಎರಡನೆಯವರು ತಪ್ಪಿದರೆ ಕುಗ್ಗುತ್ತದೆ.

ಹಾಗಾಗಿ ನಮ್ಮ ತಂಡದಲ್ಲಿ ಒಂದು ಕಟ್ಟುನಿಟ್ಟು ಮಾಡಿದೆ. ಬಾಗಿಲು ಹಾಕಿದ್ದರೆ ಪಕ್ಕದ ಮನೆಯವರನ್ನು ಬದಲಿಗೆ ಸೇರಿಸುವಂತಿಲ್ಲ. ಸಂಜೆ ಹೋಗಬೇಕು, ರಜಾದಿನ ಹೋಗಬೇಕು. ನಡೆಯಲಾಗದವರ ಬಳಿಗೆ ಕಣ್ಣನ್ನು ಹಿಗ್ಗಿಸಿ ನೋಡಲು ಕೈಯಲ್ಲಿ ಹಿಡಿಯುವ ಸ್ಲಿಟ್ ಲ್ಯಾಂಪ್, ಸಣ್ಣ ತೂತಿನ ಮೂಲಕ ನೋಡಿಸುವ ಪಿನ್‌ಹೋಲ್, ದೃಷ್ಟಿ ಚಾರ್ಟು ನಾವೇ ಒಯ್ಯಬೇಕು. ಬೇಡವೆಂದವರನ್ನು ಒತ್ತಾಯಿಸಬಾರದು, ಒಪ್ಪಿದರೆ ವಯಸ್ಸು, ಲಿಂಗ, ಹಿಂದೆ ಪೊರೆಯ ಆಪರೇಷನ್ ಆಗಿದೆಯೇ ಎಂಬಷ್ಟನ್ನು ಬರೆದುಕೊಳ್ಳಬೇಕು. ಸಮೀಕ್ಷೆಯ ಗುಣ ತೀರ್ಮಾನವಾಗುವುದು ಈ ದಣಿವಿನ ಕೆಲಸದಲ್ಲಿ, ದುಬಾರಿ ಯಂತ್ರದಲ್ಲಲ್ಲ ಎಂದು ನನಗೆ ಖಚಿತವಾಗಿದೆ.

ದೃಷ್ಟಿಯನ್ನು ಅವರು ಹಾಕಿಕೊಂಡು ಬಂದ ಕನ್ನಡಕದಲ್ಲೇ ಮೊದಲು ಅಳೆಯುತ್ತೇವೆ. ಕನ್ನಡಕ ಇಲ್ಲದಿದ್ದರೆ ಹಾಗೆಯೇ. ಸರಿಯಾದ ಮಸೂರ ಕೊಟ್ಟ ಮೇಲಿನ ದೃಷ್ಟಿಯನ್ನಷ್ಟೇ ದಾಖಲಿಸಿದರೆ, ಕನ್ನಡಕ ಸಿಗದೆ ಕಷ್ಟಪಡುತ್ತಿರುವವರೆಲ್ಲ ಲೆಕ್ಕದಿಂದ ಮಾಯವಾಗುತ್ತಾರೆ. ಕಣ್ಣಿನ ಒತ್ತಡ ಅಳೆದರೆ ಗ್ಲಾಕೋಮಾ ಗೊತ್ತಾಗುವುದಿಲ್ಲವೇ ಎಂದು ಹೊಸ ವಿದ್ಯಾರ್ಥಿಗಳು ಕೇಳುತ್ತಾರೆ. ಅಮೆರಿಕದ ಬಾಲ್ಟಿಮೋರ್ ನಗರದ ಸಮೀಕ್ಷೆಯಲ್ಲಿ ರೋಗವಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಒತ್ತಡ, ಒಮ್ಮೆ ಅಳೆದಾಗ, ಸಾಮಾನ್ಯದ ಮೇಲಿನ ಮಿತಿಯೆಂದು ಹಿಡಿಯುವ 21 ಮಿ.ಮೀ. ಪಾದರಸ ಅಥವಾ ಅದಕ್ಕಿಂತ ಕೆಳಗಿತ್ತು. ದೃಷ್ಟಿನರವನ್ನೂ ನೋಟದ ಹರವನ್ನೂ ನೋಡದೆ ಗತಿಯಿಲ್ಲ.

ನೋಡುವವರು ಇಬ್ಬರಾದಾಗ ಇನ್ನೊಂದು ತೊಡಕು. ನೂರು ಕಣ್ಣುಗಳ ಫೋಟೊ ನೋಡಿ ಇಬ್ಬರೂ ತಲಾ ಹತ್ತರಲ್ಲಿ ರೋಗವಿದೆ ಎಂದರು, ಐದರಲ್ಲಷ್ಟೇ ಇಬ್ಬರ ಮಾತೂ ಕೂಡಿತು ಎನ್ನಿ. ಒಟ್ಟಾರೆ ಒಮ್ಮತ ಶೇ. 90! ಆದರೆ ಬರೀ ಆಕಸ್ಮಿಕವಾಗಿಯೇ ಶೇ. 82 ಹೊಂದುತ್ತಿತ್ತು. ಅದನ್ನು ಕಳೆದು ಒಮ್ಮತದ ಅಳತೆಯಾದ ಕಪ್ಪಾ ಲೆಕ್ಕ ಹಾಕಿದರೆ 0.44 (ಪೂರ್ತಿ ಒಮ್ಮತವಿದ್ದರೆ 1). ಇಂಥ ಜೋಡಿಯನ್ನು ನಾನು ಕ್ಷೇತ್ರಕ್ಕೆ ಕಳಿಸುವುದಿಲ್ಲ. ಭಿನ್ನಾಭಿಪ್ರಾಯ ಬಂದ ಫೋಟೊಗಳನ್ನೇ ಮುಂದಿಟ್ಟುಕೊಂಡು, ನರದ ಅಂಚು ಎಲ್ಲಿ ತೆಳುವಾಗಿದೆ ಎಂದು ಒಟ್ಟಿಗೆ ಚರ್ಚಿಸಿ, ಬೇರೆ ಫೋಟೊಗಳಲ್ಲಿ ಮತ್ತೆ ಪರೀಕ್ಷಿಸುತ್ತೇವೆ. ಸಮೀಕ್ಷೆಯ ನಡುವೆಯೂ ಇದನ್ನು ಬಿಡುವುದಿಲ್ಲ, ಏಕೆಂದರೆ ತೀರ್ಪು ಮೆಲ್ಲಗೆ ಜಾರುತ್ತದೆ.

ವಿಶ್ಲೇಷಣೆಗೆ ಕುಳಿತಾಗ 4,000 ಜನರನ್ನು 8,000 ಸ್ವತಂತ್ರ ಕಣ್ಣುಗಳೆಂದು ಎಣಿಸುವ ಆಸೆಯನ್ನು ತಡೆಯಬೇಕು. ಒಬ್ಬರ ಎರಡು ಕಣ್ಣುಗಳು ಒಂದೇ ಬಳ್ಳಿಯ ಕಾಯಿಗಳಿದ್ದಂತೆ. ವ್ಯಕ್ತಿಯನ್ನೇ ಘಟಕವಾಗಿಸುತ್ತೇನೆ, ಇಲ್ಲವೇ 1986ರಲ್ಲಿ ಸಂಖ್ಯಾಶಾಸ್ತ್ರಜ್ಞರಾದ ಲಿಯಾಂಗ್ ಮತ್ತು ಜೀಗರ್ ಕೊಟ್ಟ ವಿಧಾನದಿಂದ ಆ ಸಂಬಂಧವನ್ನು ಲೆಕ್ಕಕ್ಕೆ ತರುತ್ತೇನೆ.

ಪ್ರಬಂಧದ ಮೊದಲ ಕೋಷ್ಟಕದಲ್ಲಿ ಬಂದವರು, ಬಾರದವರು ಇಬ್ಬರ ವಯಸ್ಸು, ಲಿಂಗವನ್ನೂ ಪಕ್ಕಪಕ್ಕದಲ್ಲಿ ಕೊಡುತ್ತೇನೆ. ಮೇಲಿನ 4.4, 6.4ರಂತಹ ಎರಡೂ ತುದಿಗಳನ್ನು ಲೆಕ್ಕಹಾಕಿ ಫಲಿತಾಂಶದ ಜೊತೆಗೇ ಬರೆಯುತ್ತೇನೆ. ಆ ಸಂಖ್ಯೆಯನ್ನು ನಂಬಿ ಎಷ್ಟು ಶಸ್ತ್ರಚಿಕಿತ್ಸಕರು, ಎಷ್ಟು ಕನ್ನಡಕಗಳು ಬೇಕೆಂದು ಯೋಜನೆ ಮಾಡುವವರಿಗೆ ಅದರ ಅನಿಶ್ಚಿತತೆಯೂ ಅಷ್ಟೇ ಬೇಕು. ರೋಗ ಪತ್ತೆಯಾದವರ ಪಟ್ಟಿಯನ್ನು ಮಾತ್ರ ವಿಶ್ಲೇಷಣೆ ಮುಗಿಯುವವರೆಗೆ ಕಾಯಿಸುವುದಿಲ್ಲ. ಅದೇ ವಾರ ಅವರಿಗೆ ಚಿಕಿತ್ಸೆಯ ದಾರಿ ತೋರಿಸಿ, ಹೋದರೇ ಎಂದು ಫೋನ್ ಮಾಡಿ ವಿಚಾರಿಸುತ್ತೇವೆ.